ಬುರಣಾಪುರಕ್ಕೆ ಯಾರ ವಿಮಾನ ಬರಬೇಕು?

ಬೊಂಬಾರ್ಡಿಯರ್ ಕಂಪನಿಯ ಗ್ಲೋಬಲ್ 7500 ಬಿಸಿನೆಸ್ ಜೆಟ್ ನಡುವೆ ಎಲ್ಲೂ ಇಳಿಯದೆ 14,260 ಕಿ.ಮೀ. ಹಾರಬಲ್ಲದು. ಒಳಗೆ ಮಲಗುವ ಕೋಣೆ, ಅಡುಗೆಮನೆ ಎಲ್ಲ ಉಂಟು. ವಿಡಿಯೊ ನೋಡಿ ನಾವು ಬೆರಗಾಗುತ್ತೇವೆ. ಆದರೆ ಅದರಲ್ಲಿ ಹೆಚ್ಚೆಂದರೆ 19 ಪ್ರಯಾಣಿಕರಿಗಷ್ಟೇ ಜಾಗ.

ಕಾಮರ್ಸ್ ಓದುವ ನಾವು ಇನ್ನೊಂದು ಲೆಕ್ಕವನ್ನೂ ನೋಡೋಣ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರವಾಗಿ ತಂದರು. ದೂರ ಸುಮಾರು 14,000 ಕಿ.ಮೀ., ಸೀಟು 238. ಅಷ್ಟೇ ದೂರ, ಹನ್ನೆರಡು ಪಟ್ಟು ಜನ! ಖರ್ಚು ಹಂಚಿಹೋದರೆ ಮಾತ್ರ ಟಿಕೆಟ್ ನಮ್ಮಂಥವರ ಕೈಗೆಟುಕುತ್ತದೆ.

ಜೆಟ್‌ಗೂ ಅದರದೇ ಉಪಯೋಗವಿದೆ. ಉದ್ಯಮಿಯ ಸಮಯ ಉಳಿಯುತ್ತದೆ. ಪೂರ್ತಿ ಇಂಧನ ತುಂಬಿದರೂ ಸಮುದ್ರಮಟ್ಟದಲ್ಲಿ 1,800 ಮೀಟರಿಗಿಂತ ಕಡಿಮೆ ರನ್‌ವೇಯಲ್ಲಿ ಮೇಲೇರುತ್ತದೆ.

ಈ ಮಾತು ನಮ್ಮ ಊರಿಗೂ ಸಂಬಂಧಿಸಿದ್ದು. ಬುರಣಾಪುರದ ವಿಮಾನ ನಿಲ್ದಾಣವನ್ನು ಮೊದಲು ಸಣ್ಣ ಎಟಿಆರ್ 72 ವಿಮಾನಕ್ಕೆಂದು ಯೋಜಿಸಿ, ಆಮೇಲೆ ಏರ್‌ಬಸ್ 320 ಇಳಿಯುವಂತೆ ದೊಡ್ಡದು ಮಾಡಿದರು. ಅದು ಜನರ ತೆರಿಗೆ ಹಣ. ಶ್ರೀಮಂತರ ಜೆಟ್ ಬರಲಿ, ಶುಲ್ಕ ಕಟ್ಟಲಿ, ಬೇಡ ಅನ್ನುವುದಿಲ್ಲ. ಆದರೆ ಮೊದಲ ಹಕ್ಕು ದಿನವೂ ಹೊತ್ತಿಗೆ ಸರಿಯಾಗಿ ಹಾರುವ, ಕಡಿಮೆ ದರದ ವಿಮಾನಕ್ಕಿರಬೇಕು. ಸೌದಿಗೆ ದುಡಿಯಲು ಹೋಗುವ ಇಬ್ರಾಹಿಂಪುರದ ಹುಡುಗ, ಬೆಂಗಳೂರಿನ ಆಸ್ಪತ್ರೆಗೆ ಹೊರಟ ತಿಕೋಟಾದ ರೈತ ರಾತ್ರಿಯಿಡೀ ಬಸ್ಸಿನಲ್ಲಿ ಕೂರುವುದು ತಪ್ಪಬೇಕು. ಅವರ ಸಮಯಕ್ಕೂ ಬೆಲೆಯಿದೆ.