ಮನೆವಾರ್ತೆ: ಹಾಟ್‌ಸ್ಪಾಟು ರೌಟರಿಗೆ ಒಗ್ಗದಿದ್ದಾಗ

ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತೊಂದರೆಗಳೆಂದರೆ ಹಿಂದೆ ಸೋರುವ ಹೆಂಚು, ಒಣಗದ ಸೌದೆ, ಕಟ್ಟಿಹೋದ ದಾರಿ ಇಷ್ಟೇ ಆಗಿದ್ದವು. ಈಗ ಇನ್ನೊಂದು ಸೇರಿದೆ. ಗಾಳಿಗೆ ಕೊಂಬೆಯೊಂದು ಮುರಿದು ತಂತಿಯ ಮೇಲೆ ಬಿದ್ದಿತೆಂದರೆ ಮನೆಯ ಅಂತರ್ಜಾಲವು ನಿಂತುಹೋಗುತ್ತದೆ. ಸರಿಪಡಿಸುವವರು ಬರುವುದಕ್ಕೆ ಎರಡು ದಿನವೂ ಆದೀತು, ವಾರವೂ ಆದೀತು. ಅಷ್ಟರಲ್ಲಿ ಮಗಳ ಕಾಲೇಜಿನ ಅರ್ಜಿಗೆ ಕಡೆಯ ದಿನವು ಬಂದಿರುತ್ತದೆ. ದೂರದ ಊರಿನ ವೈದ್ಯರು ಅಜ್ಜಿಯನ್ನು ತೆರೆಯ ಮೇಲೆ ನೋಡುವುದಕ್ಕೆ ಗೊತ್ತುಮಾಡಿದ ಹೊತ್ತೂ ಬಂದಿರುತ್ತದೆ. ಫೋನಿಗೆ ಸಿಗ್ನಲ್ ದೊರೆಯುವ ಸ್ಥಳವು ಮಹಡಿಯ ಕಿಟಕಿಯೊಂದೇ. ಅಜ್ಜಿಯ ಹಾಸಿಗೆಯಾದರೋ ಒಳಕೋಣೆಯಲ್ಲಿ. ಕಿಟಕಿಯಲ್ಲಿಟ್ಟ ಫೋನಿನ ಹಾಟ್‌ಸ್ಪಾಟನ್ನು ರೌಟರಿಗೆ ಕೂಡಿಸಿ, ಅದರ ಮೂಲಕ ಮನೆಯೆಲ್ಲಕ್ಕೂ ಹಂಚುವ ಉಪಾಯವು ಇಂತಹ ಸಮಯದಲ್ಲಿ ಒದಗಿಬರುತ್ತದೆ. ಆದರೆ ಈ ಕೂಡಿಕೆಯು ಅನೇಕ ವೇಳೆ ಹಟಹಿಡಿಯುವುದುಂಟು. ಆದುದರಿಂದ ಈ ತಿಂಗಳು ಅದರ ವಿಚಾರವಾಗಿಯೇ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲು ತಿಳಿಯತಕ್ಕ ಸಂಗತಿಯೇನೆಂದರೆ, ಎಲ್ಲ ರೌಟರುಗಳಿಗೂ ಈ ಶಕ್ತಿಯಿಲ್ಲ. ಸಾಮಾನ್ಯವಾದ ರೌಟರು ತಂತಿಯಿಂದ ಪಡೆದು ಗಾಳಿಯಲ್ಲಿ ಹಂಚುವುದೇ ಹೊರತು, ಗಾಳಿಯಿಂದಲೇ ಪಡೆಯಲಾರದು. ಅದರ ಸೆಟ್ಟಿಂಗ್ಸಿನಲ್ಲಿ ‘ರಿಪೀಟರ್’ ಎಂದಾಗಲಿ ‘ಡಬ್ಲ್ಯುಐಎಸ್‌ಪಿ’ ಎಂದಾಗಲಿ ಒಂದು ಕ್ರಮವಿದ್ದರೆ ಮಾತ್ರ ಮುಂದುವರಿಯಬಹುದು. ಇವೆರಡೂ ಇದ್ದಲ್ಲಿ ಎರಡನೆಯದೇ ಮೇಲು. ಮನೆಯಲ್ಲಿ ಎಷ್ಟು ಉಪಕರಣಗಳಿದ್ದರೂ ಫೋನಿನ ಲೆಕ್ಕಕ್ಕೆ ರೌಟರೊಂದೇ ಅತಿಥಿಯಾಗಿರುತ್ತದೆ.

ಇನ್ನು ದೋಷವನ್ನು ಹುಡುಕುವ ಬಗೆ. ಕಂಡಕಂಡ ಗುಂಡಿಗಳನ್ನೆಲ್ಲ ಒತ್ತದೆ, ನೀರು ಬಾರದಿದ್ದಾಗ ಬಾವಿಯಿಂದ ನಲ್ಲಿಯವರೆಗೆ ನೋಡಿಕೊಂಡು ಬರುವಂತೆ ಮೂಲದಿಂದ ಹೊರಡತಕ್ಕದ್ದು. ಫೋನಿನ ವೈಫೈಯನ್ನು ಆರಿಸಿ, ಅದರ ಸ್ವಂತ ಡೇಟಾದಿಂದ ಯಾವುದಾದರೊಂದು ಪುಟವು ತೆರೆಯುವುದೇ ಎಂದು ನೋಡಿರಿ. ಕೆಲವು ಫೋನುಗಳು ವೈಫೈಯನ್ನು ಪಡೆಯುತ್ತಲೇ ಹಾಟ್‌ಸ್ಪಾಟನ್ನೂ ನಡೆಸಬಲ್ಲವು. ಅಂತಹ ಫೋನು ಮನೆಯ ರೌಟರಿಗೇ ಅಂಟಿಕೊಂಡಿದ್ದರೆ, ಬಾವಿಯ ನೀರನ್ನು ತೊಟ್ಟಿಗೆ ಸೇದಿ ತೊಟ್ಟಿಯಿಂದ ಬಾವಿಗೆ ಸುರಿದಂತಾದೀತು. ಮೂಲವು ಸರಿಯಿದ್ದರೆ, ಇನ್ನೊಂದು ಫೋನನ್ನು ಹಾಟ್‌ಸ್ಪಾಟಿಗೆ ನೇರವಾಗಿ ಸೇರಿಸಿ ನೋಡಿರಿ. ಅಲ್ಲಿಯೂ ಪುಟವು ತೆರೆದರೆ, ಕೊರತೆಯು ಫೋನಿಗೂ ರೌಟರಿಗೂ ನಡುವೆ ಇದೆಯೆಂದು ನಿಶ್ಚಯಿಸಬಹುದು.

ಹಾಟ್‌ಸ್ಪಾಟಿನ ಹೆಸರೇ ರೌಟರಿನ ಪಟ್ಟಿಯಲ್ಲಿ ಕಾಣದಿದ್ದರೆ, ಫೋನು 5 ಗಿಗಾಹರ್ಟ್ಸಿನಲ್ಲಿ ನುಡಿಯುತ್ತಿರಬಹುದು. ಅಗ್ಗದ ರೌಟರುಗಳಲ್ಲಿ ಹಲವು 2.4 ಗಿಗಾಹರ್ಟ್ಸನ್ನು ಮಾತ್ರ ಕೇಳಬಲ್ಲವು. ಫೋನಿನ ಹಾಟ್‌ಸ್ಪಾಟನ್ನು 2.4ಕ್ಕೆ ತಿರುಗಿಸತಕ್ಕದ್ದು. ಗೋಡೆಗಳನ್ನು ದಾಟುವುದರಲ್ಲಿಯೂ ಇದೇ ಸಮರ್ಥವಾದುದು. ಐಫೋನ್ 12 ಮತ್ತು ಅದರ ಮುಂದಿನವುಗಳಲ್ಲಿ ‘ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ’ ಎಂಬುದನ್ನು ಹಚ್ಚಿದರೆ ಈ ಕೆಲಸವಾಗುತ್ತದೆ.

ಹೆಸರಿನ ವಿಷಯದಲ್ಲಿಯೂ ಸ್ವಲ್ಪ ಎಚ್ಚರವಿರಲಿ. ವೈಫೈ ಹೆಸರಿಗೆ ನಿಯಮವು ಕೊಟ್ಟಿರುವ ಸ್ಥಳವು 32 ಬೈಟುಗಳು. ಕನ್ನಡದ ಒಂದೊಂದು ವರ್ಣಚಿಹ್ನೆಗೂ ಸಾಮಾನ್ಯವಾಗಿ 3 ಬೈಟುಗಳು ಬೇಕಾಗುವುದರಿಂದ, ಕಾಗುಣಿತದ ಚಿಹ್ನೆಗಳೂ ಸೇರಿ ಹತ್ತಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಕನ್ನಡದ ಹೆಸರನ್ನಾಗಲಿ ವಿಶೇಷ ಚಿಹ್ನೆಗಳನ್ನಾಗಲಿ ಕಂಡು ಎಡವುವ ರೌಟರುಗಳೂ ಇವೆ. ಭಾಷಾಭಿಮಾನವನ್ನು ಬೇರೆಡೆ ತೋರಿಸಿ, ಇಲ್ಲಿ ಸರಳವಾದ ಇಂಗ್ಲಿಷ್ ಅಕ್ಷರಗಳನ್ನೂ ಅಂಕಿಗಳನ್ನೂ ಬಳಸುವುದು ಕ್ಷೇಮ.

ಹೆಸರು ಕಂಡರೂ ಕೂಡಿಕೊಳ್ಳದಿದ್ದರೆ, ಮೊದಲು ಪಾಸ್‌ವರ್ಡನ್ನು ಅಕ್ಷರಶಃ ಪರೀಕ್ಷಿಸಿರಿ. ಅದು ಸರಿಯಿದ್ದೂ ರೌಟರು ಒಪ್ಪದಿದ್ದರೆ, ಫೋನಿನ ರಕ್ಷಣೆಯು ಡಬ್ಲ್ಯುಪಿಎ3 ಎಂದಿರಬಹುದು. ಇದು 2018ರಲ್ಲಿ ಬಂದ ಪದ್ಧತಿ. ಹಳೆಯ ರೌಟರುಗಳಿಗೆ ಪರಿಚಯವಿಲ್ಲ. ಆಗ 2004ರಿಂದ ಬಳಕೆಯಲ್ಲಿರುವ ಡಬ್ಲ್ಯುಪಿಎ2 ಎಂಬುದನ್ನು ಆರಿಸಿಕೊಳ್ಳಬಹುದು. ಪಾಸ್‌ವರ್ಡನ್ನೇ ತೆಗೆದುಹಾಕುವ ಯೋಚನೆಯು ಮಾತ್ರ ಎಂದಿಗೂ ಬೇಡ.

ಕೂಡಿಕೊಂಡಿತು, ಆದರೂ ಪುಟವು ತೆರೆಯದು ಎಂಬುದು ಮೂರನೆಯ ಪೀಡೆ. ಇದಕ್ಕೆ ವಿಳಾಸಗಳ ಘರ್ಷಣೆಯು ಕಾರಣವಾಗಿರಬಹುದು. ಫೋನೂ ರೌಟರೂ ತಮ್ಮ ತಮ್ಮ ಉಪಕರಣಗಳಿಗೆ ಅಂಕಿಗಳ ವಿಳಾಸಗಳನ್ನು ಕೊಡುತ್ತವೆ. ಇಬ್ಬರೂ ಒಂದೇ ಸಾಲಿನ ವಿಳಾಸಗಳನ್ನು ಕೊಟ್ಟರೆ, ಒಂದೇ ಹೆಸರಿನ ಎರಡು ಬೀದಿಗಳ ನಡುವೆ ಸಿಕ್ಕ ಅಂಚೆಯವನಂತೆ ರೌಟರಿಗೆ ದಾರಿಯೇ ತೋರದು. ಎರಡೂ ಕಡೆ ವಿಳಾಸದ ಮೊದಲ ಮೂರು ಅಂಕಿಗಳು ಒಂದೇ ಆಗಿದ್ದರೆ, ರೌಟರಿನ ಸ್ವಂತ ವಿಳಾಸವನ್ನು 192.168.50.1 ಎಂಬಂತೆ ಬೇರೆಯಾಗಿಸಿ ಮತ್ತೆ ಹಚ್ಚಿರಿ. ಅಲ್ಲಿಂದ ಮುಂದೆ ರೌಟರಿನ ಪುಟವು ಈ ಹೊಸ ವಿಳಾಸದಲ್ಲಿಯೇ ತೆರೆಯುವುದೆಂಬುದನ್ನು ಮರೆಯಬಾರದು.

ನಡೆದು ನಡೆದು ನಿಲ್ಲುವುದಾದರೆ ಕಾರಣವು ಬಹುಶಃ ಫೋನಿನದೇ. ಯಾರೂ ಬಳಸದಿದ್ದರೆ ತಾನಾಗಿ ಆರುವ ಏರ್ಪಾಡು ಹಾಟ್‌ಸ್ಪಾಟಿಗೆ ಇರುತ್ತದೆ. ಇದನ್ನು ನಿಲ್ಲಿಸುವ ಅವಕಾಶವಿದ್ದಲ್ಲಿ ನಿಲ್ಲಿಸಿರಿ. ಫೋನು ಕಾದರೂ ಸೋಲುತ್ತದೆ. ಕವಚವನ್ನು ತೆಗೆದು ನೆರಳಿನಲ್ಲಿಡತಕ್ಕದ್ದು. ವಿದ್ಯುತ್ತು ಹೋದರೆ ರೌಟರೂ ಮಲಗುವುದರಿಂದ, ಅದರ ಮೇಲೆ ಬರೆದಿರುವ ವೋಲ್ಟಿಗೆ ಹೊಂದುವ ಸಣ್ಣ ಬ್ಯಾಟರಿಯೊಂದು ಮನೆಯಲ್ಲಿರುವುದು ಒಳ್ಳೆಯದು.

ಎಲ್ಲವೂ ಸರಿಹೋದ ಮೇಲೆ ಖರ್ಚಿನ ಕಡೆಗೂ ಗಮನವಿರಲಿ. ರೌಟರಿನ ಹಿಂದಿರುವ ಟೀವಿಗೂ ಉಳಿದ ಫೋನುಗಳಿಗೂ ಇದು ಅಳತೆಯ ಡೇಟಾವೆಂಬ ಸುಳಿವು ತಿಳಿಯದು. ಎಂದಿನ ವೈಫೈ ಎಂದೇ ಭಾವಿಸಿ ಅವು ತಮ್ಮ ಅಪ್‌ಡೇಟುಗಳನ್ನೆಲ್ಲ ಇಳಿಸಿಕೊಳ್ಳಲು ತೊಡಗುತ್ತವೆ; ವೈದ್ಯರು ಕರೆಯುವ ಹೊತ್ತಿಗೆ ದಿನದ ಪಾಲು ಮುಗಿದಿರುತ್ತದೆ. ಅಗತ್ಯವಿಲ್ಲದವುಗಳನ್ನು ಮೊದಲೇ ಬಿಡಿಸಿಡತಕ್ಕದ್ದು.

ಕಡೆಯದಾಗಿ ಒಂದು ಮಾತು. ಬಹುತೇಕ ಮನೆಗಳಲ್ಲಿ ಈ ವಿದ್ಯೆಯು ಒಬ್ಬ ಮಗನ ತಲೆಯಲ್ಲಿಯೂ, ಹಾಟ್‌ಸ್ಪಾಟು ಅವನ ಜೇಬಿನಲ್ಲಿಯೂ ಇರುತ್ತವೆ. ಅವನು ಪೇಟೆಗೆ ಹೊರಟನೆಂದರೆ ಮನೆಯ ಸಂಪರ್ಕವೂ ಅವನೊಡನೆಯೇ ಹೊರಡುತ್ತದೆ. ಹಳೆಯ ಫೋನೊಂದಕ್ಕೆ ಸಿಮ್ ಹಾಕಿ ಮನೆಯಲ್ಲಿಯೇ ಇಟ್ಟು, ಹೆಸರು, ಪಾಸ್‌ವರ್ಡು, ಮೇಲಿನ ಕ್ರಮ ಇವಿಷ್ಟನ್ನೂ ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದು ಬೀರುವಿನಲ್ಲಿಟ್ಟರೆ, ಗೃಹಿಣಿಯು ಯಾರನ್ನೂ ಕಾಯಬೇಕಾಗಿಲ್ಲ. ಬಾನು ಬೆಳಗಿರುವ ದಿನವೇ ಒಮ್ಮೆ ಎಲ್ಲವನ್ನೂ ಕೂಡಿಸಿ ನೋಡಿಕೊಂಡಿರಬೇಕೆಂದು ನಮ್ಮ ವಾಚಕರಲ್ಲಿ ವಿಜ್ಞಾಪಿಸುತ್ತೇವೆ.