ಕೋಷ್ಟಕದ ನೆತ್ತಿಯ ಮೇಲಿನ ಎರಡು ಶಬ್ದಗಳು



ಭೌತವಿಜ್ಞಾನದ ಪುಸ್ತಕಗಳಲ್ಲಿ ಅರೆವಾಹಕ ಧಾತುಗಳ ಕೋಷ್ಟಕವನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಸಿಲಿಕಾನಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.33 ಗ್ರಾಂ, ಜರ್ಮೇನಿಯಮ್ಮಿನದು 5.32, ಶಕ್ತಿಯ ಅಂತರ ಮೊದಲನೆಯದಕ್ಕೆ 1.12 ಎಲೆಕ್ಟ್ರಾನ್ ವೋಲ್ಟ್, ಎರಡನೆಯದಕ್ಕೆ ಸುಮಾರು 0.67. ಹೀಗೆ ಅಂಕಿಗಳು ಸಾಲುಗಟ್ಟಿ ನಿಂತಿರುತ್ತವೆ. ಪರೀಕ್ಷೆಯ ಹಿಂದಿನ ರಾತ್ರಿ ಇಂಥವನ್ನು ಕಂಠಪಾಠ ಮಾಡುವವರು ಬಹುಮಂದಿ. ಆದರೆ ಕೋಷ್ಟಕದ ನೆತ್ತಿಯ ಮೇಲೆ ಅಚ್ಚಾಗಿರುವ ‘ಕೊಠಡಿಯ ಉಷ್ಣತೆಯಲ್ಲಿ’ ಎಂಬ ಎರಡು ಶಬ್ದಗಳನ್ನು ಗಮನಿಸುವವರು ವಿರಳ. ಆ ಎರಡು ಶಬ್ದಗಳೇ ಕೋಷ್ಟಕದ ಜೀವಾಳವೆಂಬುದು ನನ್ನ ಅಭಿಪ್ರಾಯ.

ಯಾರ ಕೊಠಡಿ? ದೆಹಲಿಯ ನಮ್ಮ ತರಗತಿ ಜನವರಿಯ ಬೆಳಗಿನಲ್ಲಿ ಬೆರಳು ಸೆಟೆಯುವಷ್ಟು ತಣ್ಣಗಿರುತ್ತದೆ. ಮೇ ತಿಂಗಳಲ್ಲಿ ಹೊರಗಿನ ಬಿಸಿಲು 45 ಡಿಗ್ರಿಯನ್ನು ಮುಟ್ಟುವುದೂ ಉಂಟು. ಗ್ರಂಥಕಾರರು ಸಾಮಾನ್ಯವಾಗಿ ಹಿಡಿಯುವುದು 300 ಕೆಲ್ವಿನ್, ಎಂದರೆ ಸುಮಾರು 27 ಡಿಗ್ರಿ ಸೆಲ್ಸಿಯಸ್. ಸಾಂದ್ರತೆಯ ಮಟ್ಟಿಗೆ ಈ ವ್ಯತ್ಯಾಸ ಗಣ್ಯವಲ್ಲ. ವಿದ್ಯುದ್ವಾಹಕತೆಯ ಮಾತು ಬೇರೆ. ತಾಮ್ರ ಕಾದರೆ ಅದರ ರೋಧವು ಡಿಗ್ರಿಗೆ ನೂರಕ್ಕೆ ಸುಮಾರು 0.4ರಷ್ಟು ಏರುವುದು, ಶುದ್ಧ ಸಿಲಿಕಾನ್ ಕಾದರೆ ರೋಧ ಇಳಿಯುವುದು. ಶಾಖವು ಎಲೆಕ್ಟ್ರಾನುಗಳನ್ನು ಪರಮಾಣುಗಳ ಬಂಧದಿಂದ ಬಿಡಿಸುವುದೇ ಇದಕ್ಕೆ ಕಾರಣ. 27 ಡಿಗ್ರಿಯಿಂದ 45ಕ್ಕೆ ಏರಿದರೆ ಸಾಕು, ಶುದ್ಧ ಸಿಲಿಕಾನಿನಲ್ಲಿ ಹೀಗೆ ಬಿಡುಗಡೆಯಾದ ಎಲೆಕ್ಟ್ರಾನುಗಳ ಸಂಖ್ಯೆ ಮೂರು ಪಟ್ಟನ್ನೂ ಮೀರುತ್ತದೆ.

ಇದನ್ನು ಮರೆತವರಿಗೆ ಟ್ರಾನ್ಸಿಸ್ಟರಿನ ಚರಿತ್ರೆಯೇ ಒಗಟಾಗುವುದು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟೇನ್ ರಚಿಸಿದ ಮೊದಲ ಟ್ರಾನ್ಸಿಸ್ಟರ್ ಜರ್ಮೇನಿಯಮ್ಮಿನದು. ಆ ಧಾತುವಿನಲ್ಲಿ ಎಲೆಕ್ಟ್ರಾನುಗಳು ಸಿಲಿಕಾನಿನಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಚುರುಕು. ಅದು 938 ಡಿಗ್ರಿಯಲ್ಲಿಯೇ ಕರಗುವುದು. ಸಿಲಿಕಾನಿಗೆ 1414 ಬೇಕು. ಈ ಅಂಕಿಗಳನ್ನಷ್ಟೇ ನೋಡಿದವರು ಜರ್ಮೇನಿಯಮ್ಮಿಗೇ ಜಯಮಾಲೆ ಹಾಕಿಯಾರು. ಆದರೆ ಅದರಲ್ಲಿ ಎಲೆಕ್ಟ್ರಾನ್ ಬಿಡುಗಡೆಗೆ ತೆರಬೇಕಾದ ಶಕ್ತಿ ಕಡಿಮೆ. ಆದುದರಿಂದ ಕೊಠಡಿಯ ಉಷ್ಣತೆಯಲ್ಲಿಯೇ ಶುದ್ಧ ಜರ್ಮೇನಿಯಮ್ಮಿನ ಒಂದು ಘನ ಸೆಂಟಿಮೀಟರಿನಲ್ಲಿ ಸುಮಾರು 24 ಲಕ್ಷ ಕೋಟಿ ಎಲೆಕ್ಟ್ರಾನುಗಳು ಬಿಡುಗಡೆಯಾಗಿರುತ್ತವೆ. ಸಿಲಿಕಾನಿನಲ್ಲಿ ಸುಮಾರು ಒಂದು ಸಾವಿರ ಕೋಟಿ ಮಾತ್ರ. ಬಿಸಿ ಏರಿದಂತೆ ಈ ಸಂದಣಿ ಬೆಳೆದು, ಸುಮಾರು 75 ಡಿಗ್ರಿಯ ಮೇಲೆ ಜರ್ಮೇನಿಯಮ್ ಟ್ರಾನ್ಸಿಸ್ಟರ್ ಹತೋಟಿ ತಪ್ಪುತ್ತಿತ್ತು. 1954ರಲ್ಲಿ ಗಾರ್ಡನ್ ಟೀಲ್ ಮುಂದಿಟ್ಟ ಸಿಲಿಕಾನ್ ಟ್ರಾನ್ಸಿಸ್ಟರ್ ಅಂಥ ಬಿಸಿಯನ್ನು ಸಹಿಸಿತು. ಸಿಲಿಕಾನಿನ ದೃಢವಾದ ಆಕ್ಸೈಡ್ ಪದರ, ಭೂಮಿಯಲ್ಲಿ ಅದರ ಸಮೃದ್ಧಿ, ಇವೂ ಮುಂದೆ ಅದರ ಗೆಲುವಿಗೆ ನೆರವಾದುವು.

ಪರೀಕ್ಷಕರು ಕೇಳುವುದು ಅಂಕಿಯನ್ನೇ ಅಲ್ಲವೆ ಎಂದು ನೀವು ಆಕ್ಷೇಪಿಸಬಹುದು. ಅಂಕಿ ಬೇಡವೆಂದು ನಾನು ಹೇಳುತ್ತಿಲ್ಲ. 1.12 ಎಂದು ಬರೆದವರಿಗೆ ಒಂದು ಅಂಕ ದೊರೆಯಲಿ. ಆದರೆ ಅದು ಯಾವ ಉಷ್ಣತೆಯ ಮಾತೆಂದು ಕೇಳಿದವರಿಗಷ್ಟೇ ಚುರುಕಾದ ಧಾತು ಸೋತು ನಿಧಾನದ ಧಾತು ಗೆದ್ದ ಕಾರಣ ತಿಳಿದೀತು. ಈ ಪ್ರಶ್ನೆಯನ್ನು ಕೇಳಲು ದೊಡ್ಡ ಪ್ರಯೋಗಶಾಲೆ ಬೇಕಿಲ್ಲ, ಒಂದು ಉಷ್ಣಮಾಪಕ ಸಾಕು. ಈ ವರ್ಷ ನಿಮ್ಮ ಪ್ರಯೋಗದ ಪುಸ್ತಕದಲ್ಲಿ ಪ್ರತಿಯೊಂದು ಅಳತೆಯ ಪಕ್ಕದಲ್ಲಿ ಆ ಹೊತ್ತಿನ ಉಷ್ಣತೆಯನ್ನೂ ಬರೆದಿಡಿರಿ. ಜನವರಿಯ ಪುಟವನ್ನು ಏಪ್ರಿಲ್ ತಿಂಗಳ ಪುಟದೊಡನೆ ಹೋಲಿಸಿ ನೋಡಿರಿ.