ಬಾರ್ಕ್ಲಿ ಮತ್ತೆ ಎರಡು ಸಾವಿರ ಗಜ ಓಡಬೇಕಾ?

ಸೆಪ್ಟೆಂಬರ್ 4ರ ಗುರುವಾರ ರಾತ್ರಿ ಅಮೆರಿಕದ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ 2025ರ ಸೀಸನ್ ಶುರುವಾಗುತ್ತೆ. ನಮ್ಮ ಗಡಿಯಾರದಲ್ಲಿ ಅದು ಶುಕ್ರವಾರ ಬೆಳಗಿನ ಜಾವ. ಮೊದಲ ಪಂದ್ಯದಲ್ಲಿ ಹಾಲಿ ಚಾಂಪಿಯನ್ ಫಿಲಡೆಲ್ಫಿಯಾ ಈಗಲ್ಸ್ ತಮ್ಮದೇ ಮೈದಾನದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡವನ್ನು ಎದುರಿಸುತ್ತೆ. ಎರಡು ತಿಂಗಳಿಂದ ಅಲ್ಲಿನ ಟಿವಿ ಚಾನೆಲ್ಲುಗಳಲ್ಲಿ, ಪಾಡ್‌ಕಾಸ್ಟ್‌ಗಳಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿದೆ: 26ನೇ ನಂಬರಿನ ಸೇಕ್ವಾನ್ ಬಾರ್ಕ್ಲಿ ಮತ್ತೆ ಎರಡು ಸಾವಿರ ಗಜ ಓಡ್ತಾರಾ?

ನನ್ನ ಪ್ರಕಾರ ಓಡಲ್ಲ. ಓಡಬಾರದು ಕೂಡ. ಯಾಕೆ ಅನ್ನೋದನ್ನು ಹೇಳೋಕೆ ಮೊದಲು ಆಟದ ಬಗ್ಗೆ ಎರಡು ಮಾತು ಹೇಳಬೇಕು.

ಅಮೆರಿಕದವರು ಫುಟ್‌ಬಾಲ್ ಅಂತ ಕರೆಯೋ ಆಟದಲ್ಲಿ ಕಾಲಿನ ಕೆಲಸ ಕಡಿಮೆ, ಮೈಯ ಕೆಲಸ ಜಾಸ್ತಿ. ನಾಲ್ಕು ಪ್ರಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಪ್ರಯತ್ನ ಸಿಗುತ್ತೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಎಸೆಯಬಹುದು, ಇಲ್ಲಾ ಪಕ್ಕದಲ್ಲಿ ನಿಂತಿರೋ ರನ್ನಿಂಗ್ ಬ್ಯಾಕ್ ಕೈಗೆ ಕೊಡಬಹುದು. ಕೈಗೆ ಕೊಟ್ಟರೆ ಆ ಮನುಷ್ಯ ಚೆಂಡನ್ನು ಎದೆಗವಚಿಕೊಂಡು ನೂರಿಪ್ಪತ್ತು, ನೂರೈವತ್ತು ಕೆಜಿ ತೂಕದ ದೈತ್ಯರ ಗುಂಪಿನೊಳಗೆ ನುಗ್ಗಬೇಕು. ಪ್ರತಿ ಓಟ ಬಹುಪಾಲು ಒಂದೇ ರೀತಿ ಮುಗಿಯುತ್ತೆ: ಯಾರೋ ಒಬ್ಬರೋ ಮೂವರೋ ಬಂದು ಅಪ್ಪಳಿಸಿ ನೆಲಕ್ಕೆ ಕೆಡವುತ್ತಾರೆ. ಎದ್ದು ಬಂದು ಮತ್ತೆ ನಿಲ್ಲಬೇಕು.

ಕಳೆದ ಸೀಸನ್‌ನಲ್ಲಿ ಬಾರ್ಕ್ಲಿ ಹೀಗೆ ಚೆಂಡು ಹಿಡಿದು ನುಗ್ಗಿದ್ದು 345 ಸಲ. ಗಳಿಸಿದ್ದು 2005 ಗಜ. ಆಮೇಲೆ ನಾಕೌಟ್ ಪಂದ್ಯಗಳಲ್ಲಿ ಇನ್ನೂ 91 ಸಲ ನುಗ್ಗಿ 499 ಗಜ. ಎರಡೂ ಸೇರಿದರೆ 2504. ಒಂದೇ ಸೀಸನ್‌ನಲ್ಲಿ ನಾಕೌಟ್ ಸೇರಿಸಿ ಇಷ್ಟು ಓಡಿದವರು ಎನ್‌ಎಫ್‌ಎಲ್ ಚರಿತ್ರೆಯಲ್ಲಿ ಬೇರೆ ಯಾರೂ ಇಲ್ಲ. 1998ರಲ್ಲಿ ಡೆನ್ವರ್‌ನ ಟೆರೆಲ್ ಡೇವಿಸ್ ಮಾಡಿದ್ದ 2476ರ ದಾಖಲೆ ಮುರಿಯಿತು. ಫೆಬ್ರವರಿ 9ರಂದು, ತಮ್ಮ 28ನೇ ಹುಟ್ಟುಹಬ್ಬದ ದಿನವೇ, ನ್ಯೂ ಆರ್ಲಿಯನ್ಸ್‌ನಲ್ಲಿ ಸೂಪರ್ ಬೌಲ್ ಗೆದ್ದರು. ಈಗಲ್ಸ್ 40, ಕನ್ಸಾಸ್ ಸಿಟಿ ಚೀಫ್ಸ್ 22.

ಸಿನಿಮಾ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಕ್ರೀಡೆಯಲ್ಲಿ ಕ್ಲೈಮ್ಯಾಕ್ಸ್ ಆದ ಆರು ತಿಂಗಳಿಗೆ ಮತ್ತೆ ಮೊದಲ ರೀಲಿನಿಂದ ಶುರು ಮಾಡಬೇಕು, ಅದೇ ಮೈ ಇಟ್ಟುಕೊಂಡು.

ಆ ಮೈಯ ಲೆಕ್ಕ ನೋಡಿ. ಓಡಿದ್ದು, ಪಾಸ್ ಹಿಡಿದದ್ದು ಎಲ್ಲ ಸೇರಿ ಕಳೆದ ಸೀಸನ್‌ನಲ್ಲಿ ಬಾರ್ಕ್ಲಿ ಕೈಗೆ ಚೆಂಡು ಬಂದದ್ದು 482 ಸಲ. ಗೆರೆ ದಾಟಿ ಹೊರಗೆ ಹೋದ, ಟಚ್‌ಡೌನ್ ಆದ ಸಂದರ್ಭಗಳನ್ನು ಕಳೆದರೂ ನೂರಾರು ಸಲ ನೆಲಕ್ಕೆ ಬಿದ್ದಿದ್ದಾರೆ. ಈ ಮನುಷ್ಯನ ಮೊಣಕಾಲಿಗೆ ಹಳೆಯ ಗಾಯವೂ ಇದೆ. 2020ರ ಸೆಪ್ಟೆಂಬರ್‌ನಲ್ಲಿ, ಆಗಿನ್ನೂ ನ್ಯೂಯಾರ್ಕ್ ಜೈಂಟ್ಸ್‌ನಲ್ಲಿದ್ದಾಗ, ಸೀಸನ್‌ನ ಎರಡನೇ ಪಂದ್ಯದಲ್ಲೇ ಲಿಗಮೆಂಟ್ ಹರಿದು ಇಡೀ ವರ್ಷ ಹೋಯಿತು.

ಇನ್ನು ಚರಿತ್ರೆ ಏನು ಹೇಳುತ್ತೆ? ಬಾರ್ಕ್ಲಿಗೆ ಮುಂಚೆ ಒಂದು ಸೀಸನ್‌ನಲ್ಲಿ ಎರಡು ಸಾವಿರ ಗಜ ದಾಟಿದವರು ಎಂಟೇ ಜನ. ಅವರ ಮರುವರ್ಷದ ಕಥೆ ಒಬ್ಬೊಬ್ಬರದೇ ತೆಗೆದು ನೋಡಬೇಕು. ಎರಿಕ್ ಡಿಕರ್ಸನ್ 1984ರಲ್ಲಿ 2105 ಗಜ ಓಡಿದರು, ಅದು ಇವತ್ತಿಗೂ ದಾಖಲೆ. ಮರುವರ್ಷ 1234. ಬ್ಯಾರಿ ಸ್ಯಾಂಡರ್ಸ್ 2053ರಿಂದ 1491ಕ್ಕೆ ಇಳಿದರು, ಅದರ ಮುಂದಿನ ಬೇಸಿಗೆಯಲ್ಲಿ ಆಟವನ್ನೇ ಬಿಟ್ಟರು. ಟೆರೆಲ್ ಡೇವಿಸ್ 2008 ಓಡಿದ ಮರುವರ್ಷ ನಾಲ್ಕನೇ ಪಂದ್ಯದಲ್ಲಿ ಮೊಣಕಾಲು ಹೋಯಿತು, 211ಕ್ಕೆ ನಿಂತರು. ಜಮಾಲ್ ಲೂಯಿಸ್ 1006. ಕ್ರಿಸ್ ಜಾನ್ಸನ್ 1364. ಏಡ್ರಿಯನ್ ಪೀಟರ್ಸನ್ 1266. ಡೆರಿಕ್ ಹೆನ್ರಿ ಎಂಟು ಪಂದ್ಯ ಆಡೋಷ್ಟರಲ್ಲಿ ಪಾದ ಮುರಿದುಕೊಂಡು 937. ಎಲ್ಲರಿಗಿಂತ ಹಿಂದಿನವರಾದ ಓ.ಜೆ. ಸಿಂಪ್ಸನ್ 1125. ಎಂಟು ಜನರ ಸರಾಸರಿ ತೆಗೆದರೆ 1079 ಗಜ. ಒಬ್ಬರೂ 1500 ಮುಟ್ಟಲಿಲ್ಲ.

ಇದನ್ನು ಶಾಪ ಅಂತ ಕರೆಯೋರಿದ್ದಾರೆ. ಶಾಪವೂ ಇಲ್ಲ, ಮಣ್ಣೂ ಇಲ್ಲ. ಎರಡು ಸಾವಿರ ಗಜ ಅನ್ನೋದು ಆಗೋದೇ ಹತ್ತಾರು ವಿಷಯ ಒಟ್ಟಿಗೆ ಕೂಡಿ ಬಂದಾಗ. ಕಳೆದ ಸಲ ಬಾರ್ಕ್ಲಿ, ನಾಕೌಟ್ ಸೇರಿ, ಅರವತ್ತು ಗಜ ಅಥವಾ ಅದಕ್ಕಿಂತ ಉದ್ದದ ಓಟ ಓಡಿ ಏಳು ಟಚ್‌ಡೌನ್ ಮಾಡಿದರು. ಏಳು ಓಟದಲ್ಲಿ ಕಡಿಮೆ ಅಂದರೂ 420 ಗಜ. ಅಂಥ ಓಟ ಆಗಬೇಕಾದರೆ ಐದು ಜನ ತಡೆಗಾರರು ತಮ್ಮ ಮುಂದಿರೋರನ್ನು ಅರೆಕ್ಷಣ ಹೆಚ್ಚಿಗೆ ಹಿಡಿದಿರಬೇಕು, ಹಿಂದಿನ ಕಾವಲಿನವನು ಒಂದು ಹೆಜ್ಜೆ ತಪ್ಪು ಇಡಬೇಕು. ಯಾರದೋ ಬೆರಳ ತುದಿ ಬಾರ್ಕ್ಲಿಯ ಹಿಮ್ಮಡಿಗೆ ತಾಗಿದ್ದರೆ 72 ಗಜದ ಓಟ 9 ಗಜಕ್ಕೆ ಮುಗಿಯುತ್ತಿತ್ತು. ಅದು ಪ್ರತಿವರ್ಷ ಬರುವ ಸಂಬಳದಂಥದ್ದಲ್ಲ.

ಫಿಲಡೆಲ್ಫಿಯಾದವರಿಗೆ ಇನ್ನೊಂದು ಹಳೆಯ ನೆನಪೂ ಇರಬೇಕು. 2014ರಲ್ಲಿ ಡಲ್ಲಾಸ್‌ನ ಡಿಮಾರ್ಕೋ ಮರ್ರೆ 392 ಸಲ ಚೆಂಡು ಹೊತ್ತು 1845 ಗಜ ಓಡಿದ್ದರು. ಅವರನ್ನು ಮರುವರ್ಷ ಕರೆತಂದದ್ದು ಇದೇ ಈಗಲ್ಸ್. ಇಲ್ಲಿ ಓಡಿದ್ದು 702. ಊರಿನವರು ಬೈದು ಕಳಿಸಿದರು. ಟೆನೆಸಿಗೆ ಹೋದ ಮೇಲೆ ಅದೇ ಮರ್ರೆ 1287 ಓಡಿದರು ಅನ್ನೋದು ಬೇರೆ ಮಾತು. ಆಟಗಾರ ಒಬ್ಬನೇ ಆದರೂ ಮುಂದೆ ನಿಂತು ದಾರಿ ಮಾಡಿಕೊಡೋರು ಯಾರು, ಅವನನ್ನು ಬಳಸೋ ರೀತಿ ಯಾವುದು ಅನ್ನೋದರ ಮೇಲೆ ಎಲ್ಲ ನಿಂತಿದೆ.

ಆ ದಾರಿ ಮಾಡಿಕೊಡೋರ ಕಡೆ ಬರೋಣ, ಯಾಕಂದರೆ ಈ ಸೀಸನ್‌ನ ನಿಜವಾದ ಪ್ರಶ್ನೆ ಅಲ್ಲಿದೆ. ಕಳೆದ ವರ್ಷ ಈಗಲ್ಸ್‌ನ ಐದು ಜನರ ಮುಂಚೂಣಿ ಲೀಗ್‌ನಲ್ಲೇ ಬಲಿಷ್ಠ ಅನ್ನಿಸಿಕೊಂಡಿತ್ತು. ಎಡ ತುದಿಯಲ್ಲಿ ಜೋರ್ಡನ್ ಮೈಲಾಟಾ, ಆಸ್ಟ್ರೇಲಿಯಾದಲ್ಲಿ ರಗ್ಬಿ ಲೀಗ್ ಆಡ್ತಿದ್ದ ಆಜಾನುಬಾಹು. 2018ರ ಡ್ರಾಫ್ಟ್‌ನ ಕೊನೆಯ ಸುತ್ತಿನಲ್ಲಿ ಸಿಕ್ಕಿದವರು, ಅದಕ್ಕೆ ಮುಂಚೆ ಈ ಆಟದ ಒಂದು ಪಂದ್ಯವನ್ನೂ ಆಡಿರಲಿಲ್ಲ. ಬಲ ತುದಿಯಲ್ಲಿ ಅನುಭವಿ ಲೇನ್ ಜಾನ್ಸನ್. ಇವರಿಬ್ಬರ ಬಗ್ಗೆ ಚಿಂತೆ ಇಲ್ಲ. ಚಿಂತೆ ಇರೋದು ನಡುವೆ. ಸೆಂಟರ್ ಕ್ಯಾಮ್ ಜರ್ಗನ್ಸ್‌ಗೆ ಸೂಪರ್ ಬೌಲ್ ಆದ ಮೇಲೆ ಬೆನ್ನಿನ ಶಸ್ತ್ರಚಿಕಿತ್ಸೆ ಆಗಿದೆ. ಲ್ಯಾಂಡನ್ ಡಿಕರ್ಸನ್‌ಗೆ ಇದೇ ಆಗಸ್ಟ್‌ನಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು. ಬಲಗಡೆ ಗಾರ್ಡ್ ಆಗಿದ್ದ ಮೆಕಾಯ್ ಬೆಕ್ಟನ್ ಲಾಸ್ ಏಂಜಲೀಸ್ ಚಾರ್ಜರ್ಸ್‌ಗೆ ಹೋದರು, ಆ ಜಾಗಕ್ಕೆ ಟೈಲರ್ ಸ್ಟೀನ್ ಬಂದಿದ್ದಾರೆ. ಅಂದರೆ ಬಾರ್ಕ್ಲಿ ನುಗ್ಗಬೇಕಾದ ಬಾಗಿಲಿನ ಮೂರು ಚಿಲಕವೂ ಅಲ್ಲಾಡ್ತಿವೆ.

ಆಟದ ಯೋಜನೆ ಹೆಣೆಯೋರೂ ಬದಲಾಗಿದ್ದಾರೆ. ಕೆಲೆನ್ ಮೂರ್ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ಗೆ ಮುಖ್ಯ ಕೋಚ್ ಆಗಿ ಹೋದರು, ಆ ಕೆಲಸ ತಂಡದೊಳಗಿನ ಕೆವಿನ್ ಪಟುಲ್ಲೊಗೆ ಸಿಕ್ಕಿದೆ. ಐದು ವರ್ಷದಲ್ಲಿ ಇವರು ನಾಲ್ಕನೆಯವರು. 2023ರಲ್ಲಿ ಹೀಗೇ ಒಳಗಿನವರಿಗೆ ಬಡ್ತಿ ಕೊಟ್ಟಾಗ ಮೊದಲ 11 ಪಂದ್ಯದಲ್ಲಿ 10 ಗೆದ್ದ ತಂಡ ಆಮೇಲಿನ ಏಳರಲ್ಲಿ ಆರು ಸೋತು ಮನೆಗೆ ಹೋಗಿತ್ತು. ಪಟುಲ್ಲೊ ಕೂಡ ಹಾಗೇ ಆಗ್ತಾರೆ ಅಂತಲ್ಲ. ಆದರೆ ಹೊಸ ಕೈ ಅಡುಗೆಗೆ ಬಂದಾಗ ಉಪ್ಪು ಹೆಚ್ಚುಕಮ್ಮಿ ಆಗುತ್ತೆ.

ಹಾಗಾದರೆ ಬೆಂಚಿನಲ್ಲಿ ಯಾರಿದ್ದಾರೆ? ಕಳೆದ ವರ್ಷ ಬಾರ್ಕ್ಲಿಗೆ ಉಸಿರು ತಗೊಳ್ಳೋಕೆ ಬಿಡುತ್ತಿದ್ದ ಕೆನೆತ್ ಗೇನ್‌ವೆಲ್ ಪಿಟ್ಸ್‌ಬರ್ಗ್ ಪಾಲಾದರು. ಎರಡನೇ ವರ್ಷದ ಹುಡುಗ ವಿಲ್ ಶಿಪ್ಲಿ ಚುರುಕಾಗಿದ್ದಾರೆ, ಪಾಸ್ ಹಿಡೀತಾರೆ, ಆದರೆ ಕಳೆದ ಸೀಸನ್ ಪೂರ್ತಿ ಅವರಿಗೆ ಚೆಂಡು ಕೊಟ್ಟದ್ದು 30 ಸಲ. ಹೊಸದಾಗಿ ಬಂದ ಎ.ಜೆ. ಡಿಲನ್ ಗ್ರೀನ್ ಬೇಯಲ್ಲಿ 2021ರಲ್ಲಿ 803 ಗಜ ಓಡಿದವರು, ನೂರಹತ್ತು ಕೆಜಿಗೂ ಮೀರಿದ ಆಳು, ಎರಡು ಗಜ ಬೇಕಾದಾಗ ಗೋಡೆ ತಳ್ಳಿದ ಹಾಗೆ ತಳ್ಳಬಲ್ಲರು. ಕುತ್ತಿಗೆ ನೋವಿನಿಂದ 2024ರಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ. ಇಬ್ಬರ ಮೇಲೂ ಭರವಸೆ ಇಡಬಹುದು, ಪೂರ್ತಿ ಭಾರ ಹಾಕೋಕೆ ಆಗಲ್ಲ. ಗೆರೆಯ ಹತ್ತಿರದ ಒಂದು ಗಜದ ಕೆಲಸವನ್ನು ಹೇಗೂ ಕ್ವಾರ್ಟರ್‌ಬ್ಯಾಕ್ ಜೇಲನ್ ಹರ್ಟ್ಸ್ ಮಾಡ್ತಾರೆ. ಹಿಂದಿನಿಂದ ಎಲ್ಲ ಸೇರಿ ಅವರನ್ನು ದಬ್ಬೋ ಆ ಪ್ರಸಿದ್ಧ ಪಟ್ಟನ್ನು ನಿಷೇಧಿಸಬೇಕು ಅನ್ನೋ ಪ್ರಸ್ತಾಪ ಮೇ ತಿಂಗಳಲ್ಲಿ ಬಂದಿತ್ತು. 24 ಮತ ಬೇಕಿತ್ತು, 22 ಸಿಕ್ಕಿ ಬಿದ್ದುಹೋಯಿತು.

ನನ್ನ ಅಂದಾಜು ಕೇಳಿದರೆ, ಬಾರ್ಕ್ಲಿಗೆ 270ರಿಂದ 280 ಸಲ ಚೆಂಡು ಕೊಟ್ಟು, 1200–1300 ಗಜ ಬಂದು, ಜನವರಿಯಲ್ಲಿ ಅವರು ಎರಡೂ ಕಾಲ ಮೇಲೆ ನಿಂತಿದ್ದರೆ ಅದು ಒಳ್ಳೆಯ ವರ್ಷ. ಉಳಿದ ನೂರು ನೂರಿಪ್ಪತ್ತು ಓಟ ಶಿಪ್ಲಿ ಮತ್ತು ಡಿಲನ್ ಹಂಚಿಕೊಳ್ಳಲಿ. ಆದರೆ ಹಾಗಾದರೆ ಅಕ್ಟೋಬರ್ ಹೊತ್ತಿಗೆ "ಬಾರ್ಕ್ಲಿಗೆ ಏನಾಯ್ತು?" ಅನ್ನೋ ಚರ್ಚೆ ಶುರುವಾಗೇ ಆಗುತ್ತೆ. ನಮಗೇನು ಇದು ಹೊಸದಲ್ಲ. ಈ ಬೇಸಿಗೆಯಲ್ಲಿ ಬುಮ್ರಾ ಇಂಗ್ಲೆಂಡ್‌ನಲ್ಲಿ ಐದರಲ್ಲಿ ಮೂರೇ ಟೆಸ್ಟ್ ಆಡಿದ್ದಕ್ಕೆ ಎಷ್ಟು ಜನ ಮೂಗು ಮುರಿದರು ಅಂತ ನೆನಪಿಸಿಕೊಳ್ಳಿ. ಐದೂ ಆಡಿದ ಸಿರಾಜ್ ಜೊತೆ ಹೋಲಿಸಿದ್ದೇ ಹೋಲಿಸಿದ್ದು. ಬೆನ್ನು ಯಾರದ್ದು ಅನ್ನೋದನ್ನು ಮಾತ್ರ ಯಾರೂ ಕೇಳಲಿಲ್ಲ.

ಇದರಲ್ಲಿ ಒಬ್ಬ ಆಟಗಾರನ ಮಾನಕ್ಕಿಂತ ದೊಡ್ಡ ವಿಷಯ ಒಂದಿದೆ: ಕೂಲಿ. ಎನ್‌ಎಫ್‌ಎಲ್‌ಗೆ ಬರೋ ಹುಡುಗ ತಾನು ಯಾವ ತಂಡಕ್ಕೆ ದುಡಿಯಬೇಕು ಅಂತ ಆರಿಸಿಕೊಳ್ಳೋಕೆ ಆಗಲ್ಲ, ಡ್ರಾಫ್ಟ್‌ನಲ್ಲಿ ತಂಡವೇ ಅವನನ್ನು ಆರಿಸುತ್ತೆ. ನಾಲ್ಕು ವರ್ಷದ ಸಂಬಳ ಮೊದಲೇ ಬರೆದಿಟ್ಟಿರುತ್ತೆ, ಮೊದಲ ಮೂರು ವರ್ಷ ಅದನ್ನು ತಿದ್ದೋ ಹಾಗಿಲ್ಲ. ಮೊದಲ ಸುತ್ತಿನವನಾದರೆ ಐದನೇ ವರ್ಷವೂ ತಂಡದ ಇಷ್ಟ. ಅದೂ ಮುಗಿದರೆ ಫ್ರಾಂಚೈಸ್ ಟ್ಯಾಗ್ ಅಂತ ಇನ್ನೊಂದು ಹಗ್ಗ, ಮತ್ತೆ ಒಂದು ವರ್ಷ ಕಟ್ಟಿಹಾಕೋಕೆ. ಕ್ವಾರ್ಟರ್‌ಬ್ಯಾಕ್ ಆದರೆ ಮೂವತ್ತೈದರವರೆಗೂ ಆಡಿ ಹಿಂದಿನ ಬಾಕಿ ವಸೂಲಿ ಮಾಡ್ತಾನೆ. ರನ್ನಿಂಗ್ ಬ್ಯಾಕ್‌ನ ಕಾಲು ಇಪ್ಪತ್ತೇಳು ಇಪ್ಪತ್ತೆಂಟಕ್ಕೇ ಸೋಲುತ್ತೆ. ಅವನಿಗೆ ಮಾತಾಡೋ ಸ್ವಾತಂತ್ರ್ಯ ಸಿಗೋ ಹೊತ್ತಿಗೆ "ನೀನು ತುಂಬಾ ಓಡಿಬಿಟ್ಟಿದ್ದೀಯ" ಅಂತ ಮಾಲೀಕರು ಕೈ ತೊಳೀತಾರೆ. ಓಡಿಸಿದವರು ಯಾರು?

2023ರ ಜುಲೈನಲ್ಲಿ ಇದು ಬಯಲಿಗೆ ಬಂತು. ಬಾರ್ಕ್ಲಿ, ಜಾಶ್ ಜೇಕಬ್ಸ್, ಟೋನಿ ಪೊಲಾರ್ಡ್ ಮೂವರಿಗೂ ಟ್ಯಾಗ್ ಹಾಕಿದ ತಂಡಗಳು ದೀರ್ಘ ಒಪ್ಪಂದ ಕೊಡಲಿಲ್ಲ. ಆಸ್ಟಿನ್ ಎಕೆಲರ್ ಮುಂದಾಗಿ ಲೀಗ್‌ನ ದೊಡ್ಡ ದೊಡ್ಡ ರನ್ನಿಂಗ್ ಬ್ಯಾಕ್‌ಗಳನ್ನೆಲ್ಲ ಜೂಮ್ ಮೀಟಿಂಗ್‌ಗೆ ಕರೆದರು. ಸೇರಿದರು, ದುಃಖ ಹೇಳಿಕೊಂಡರು, ದಾರಿ ಹೊಳೆಯಲಿಲ್ಲ. ಮರುವರ್ಷದ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಒಬ್ಬ ರನ್ನಿಂಗ್ ಬ್ಯಾಕ್‌ನನ್ನೂ ಯಾರೂ ಆರಿಸಲಿಲ್ಲ. ಜೈಂಟ್ಸ್ ಬಾರ್ಕ್ಲಿಯನ್ನು ಬಿಟ್ಟುಕೊಟ್ಟಿತು. ಅದೇ ವಿಭಾಗದ ಈಗಲ್ಸ್ ಮೂರು ವರ್ಷಕ್ಕೆ 3 ಕೋಟಿ 77 ಲಕ್ಷ 50 ಸಾವಿರ ಡಾಲರ್ ಕೊಟ್ಟು ಕೊಂಡಿತು. ಉತ್ತರಕ್ಕೆ ಜೈಂಟ್ಸ್, ದಕ್ಷಿಣಕ್ಕೆ ಈಗಲ್ಸ್ ಅಂತ ಸೀಳಿಹೋಗಿರೋ ನ್ಯೂಜೆರ್ಸಿಯಲ್ಲಿ ವಾಸವಿರೋ ಕನ್ನಡಿಗರನ್ನು ಕೇಳಿ ನೋಡಿ, ಆ ಗಾಯದ ಮೇಲೆ ಈಗಲೂ ಉಪ್ಪು ಸವರೋರು ಸಿಗ್ತಾರೆ.

ಒಂದೇ ವರ್ಷದಲ್ಲಿ ಗಾಳಿ ತಿರುಗಿತು. ಈ ಮಾರ್ಚ್‌ನಲ್ಲಿ ಈಗಲ್ಸ್ ಇನ್ನೆರಡು ವರ್ಷ ಸೇರಿಸಿ 4 ಕೋಟಿ 12 ಲಕ್ಷ ಡಾಲರ್ ಬರೆದುಕೊಟ್ಟಿತು. ವರ್ಷಕ್ಕೆ ಎರಡು ಕೋಟಿ ಡಾಲರ್ ದಾಟಿದ ಮೊದಲ ರನ್ನಿಂಗ್ ಬ್ಯಾಕ್ ಬಾರ್ಕ್ಲಿ. ಏಪ್ರಿಲ್ ಡ್ರಾಫ್ಟ್‌ನಲ್ಲಿ ಆಷ್ಟನ್ ಜೆಂಟಿ ಆರನೆಯವರಾಗಿ ಹೋದರು. 31 ವರ್ಷದ ಹೆನ್ರಿಗೆ, ಕಳೆದ ಸೀಸನ್ 1921 ಗಜ ಓಡಿದ್ದಕ್ಕೆ, ಬಾಲ್ಟಿಮೋರ್ ಎರಡು ವರ್ಷಕ್ಕೆ ಮೂರು ಕೋಟಿ ಕೊಟ್ಟಿತು. ಬಾರ್ಕ್ಲಿ ಬಡವರೇನಲ್ಲ, ಅವರ ಸಂಬಳಕ್ಕೆ ನಾವು ಕಣ್ಣೀರು ಹಾಕಬೇಕಿಲ್ಲ. ಆದರೆ ಕನಿಷ್ಠ ಸಂಬಳಕ್ಕೆ ಎರಡು ಮೂರು ವರ್ಷ ಆಡಿ, ಕುಂಟುತ್ತಾ ಮನೆಗೆ ಹೋಗೋ ನೂರಾರು ಹುಡುಗರ ಬೆಲೆ ಈ ದೊಡ್ಡ ಹೆಸರುಗಳ ಬೆಲೆಯ ಜೊತೆಗೇ ಏರಿಳಿಯುತ್ತೆ. ಈ ಸಲ ಬಾರ್ಕ್ಲಿ 1100 ಗಜಕ್ಕೆ ನಿಂತರೆ "ನೋಡಿದ್ರಾ, ದುಡ್ಡು ಕೊಡಬಾರದು ಅಂತ ಹೇಳಿರಲಿಲ್ವಾ" ಅನ್ನೋಕೆ ಕಾದಿರೋ ಮ್ಯಾನೇಜರುಗಳು ಸಾಕಷ್ಟಿದ್ದಾರೆ.

ಕೋಚ್ ನಿಕ್ ಸಿರಿಯಾನಿಗೆ ಇದೆಲ್ಲ ಗೊತ್ತಿಲ್ಲ ಅಂತಲ್ಲ. ಕಳೆದ ಜನವರಿಯಲ್ಲಿ ಕೊನೆಯ ಲೀಗ್ ಪಂದ್ಯಕ್ಕೆ ಬಂದಾಗ ಡಿಕರ್ಸನ್‌ರ ನಲವತ್ತು ವರ್ಷದ ದಾಖಲೆ ಮುರಿಯೋಕೆ ಬಾರ್ಕ್ಲಿಗೆ ಬೇಕಿದ್ದದ್ದು 101 ಗಜ. ಎದುರಾಳಿ ಅದೇ ಹಳೆಯ ಜೈಂಟ್ಸ್, ಮೈದಾನ ಸ್ವಂತದ್ದು. ಸಿರಿಯಾನಿ ಅವರನ್ನು ಬೆಂಚಿನಲ್ಲಿ ಕೂರಿಸಿದರು. ಎರಡು ವಾರದ ನಂತರ ಹಿಮ ಸುರಿಯೋ ಮಧ್ಯಾಹ್ನ ರ‍್ಯಾಮ್ಸ್ ವಿರುದ್ಧ ಬಾರ್ಕ್ಲಿ 205 ಗಜ ಓಡಿ ತಂಡವನ್ನು ದಾಟಿಸಿದರು.

ಹಾಗಾಗಿ ಶುಕ್ರವಾರ ಬೆಳಿಗ್ಗೆ ಎದ್ದು ಪಂದ್ಯ ನೋಡೋರು ಬಾರ್ಕ್ಲಿ ಎಷ್ಟು ಗಜ ಓಡಿದರು ಅನ್ನೋದನ್ನು ಆಮೇಲೆ ನೋಡಿಕೊಳ್ಳಬಹುದು. ಡಲ್ಲಾಸ್ ತನ್ನ ಮೈಕಾ ಪಾರ್ಸನ್ಸ್‌ರನ್ನು ಈ ವಾರವೇ ಗ್ರೀನ್ ಬೇಗೆ ಕೊಟ್ಟು ಕೂತಿದೆ, ಈಗಲ್ಸ್ ಮುನ್ನಡೆ ಪಡೆದರೆ ಆಶ್ಚರ್ಯವಿಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ ಆರೇಳು ನಿಮಿಷ ಉಳಿದು, ಗಡಿಯಾರ ಕರಗಿಸೋಕೆ ಚೆಂಡನ್ನು ಮತ್ತೆ ಮತ್ತೆ ಓಡಿಸಬೇಕಾದಾಗ, ಹರ್ಟ್ಸ್ ಪಕ್ಕದಲ್ಲಿ ನಿಂತಿರೋದು 26ನೇ ನಂಬರಾ, ಬೇರೆ ಯಾರಾದರೂನಾ ಅಂತ ಗಮನಿಸಿ.